ಆಳದ ಅಂಗಮರ್ದನ

ಸ್ನಾಯುವಿನ ಒಳಪದರಕ್ಕೂ ಅದನ್ನು ಸುತ್ತಿಕೊಂಡಿರುವ ತಂತುಪೊರೆಗೂ ತಲುಪುವಂತೆ ಬೆರಳ ಗಂಟು, ಮುಂಗೈ, ಮೊಣಕೈಗಳಿಂದ ನಿಧಾನವಾಗಿ ಒತ್ತಿ ನೀವುವ ಚಿಕಿತ್ಸೆ. ಡೀಪ್ ಟಿಶ್ಯೂ ಮಸಾಜ್ ಎಂಬ ಹೆಸರಿನಲ್ಲಿ ಈಗ ಕರಾವಳಿಯ ಹೋಟೆಲು, ರೆಸಾರ್ಟುಗಳ ಫಲಕಗಳಲ್ಲೂ ಕಾಣುತ್ತದೆ. ಹಾಯೆನಿಸಲೆಂದು ಮೈತುಂಬ ಎಣ್ಣೆ ಹಚ್ಚಿಸಿಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಕೈ ಒಂದು ನಿರ್ದಿಷ್ಟ ನೋವನ್ನು ಹುಡುಕಿ ಹೋಗುತ್ತದೆ. ಹೆಗಲಿನ ಬಿಗಿತ, ಸೊಂಟದ ಹಿಡಿತ, ತೊಡೆಯ ಸೆಟೆತ ಇವೇ ಅದರ ಕ್ಷೇತ್ರ. ಗಟ್ಟಿಯಾಗಿ ಒತ್ತಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇದರ ಸುತ್ತ ಬೆಳೆದಿರುವುದು ದೊಡ್ಡ ತೊಡಕು. ಬಲ್ಲವರ ಕೈಯಲ್ಲಿ ಆಳ ದಕ್ಕುವುದು ಬಲದಿಂದಲ್ಲ, ನಿಧಾನದಿಂದ.

ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಕಿರಿಮಂಜೇಶ್ವರವನ್ನೂ ಅದರ ಸುತ್ತಲ ಸೀಮೆಯನ್ನೂ ಮುಂದಿಟ್ಟುಕೊಂಡು ಈ ಚಿಕಿತ್ಸೆಯನ್ನು ನೋಡಿದರೆ ಅದರ ಉಪಯೋಗ, ಅಪಾಯ ಎರಡೂ ಸ್ಪಷ್ಟವಾಗುತ್ತವೆ. ಅಗಸ್ತ್ಯೇಶ್ವರ ದೇವಸ್ಥಾನದ ಈ ಊರು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ತೆಂಕಿಗೆ ನಾವುಂದ, ಮರವಂತೆ, ಬಡಗಿಗೆ ನಾಗೂರು, ಕಂಬದಕೋಣೆ, ಉಪ್ಪುಂದ, ಪಡುವಲಿಗೆ ಕಡಲು. ಇಲ್ಲಿಯ ಜನ ಹೆಚ್ಚಾಗಿ ಮೈಬಗ್ಗಿಸಿ ದುಡಿಯುವವರು. ನಾಡದೋಣಿಯಲ್ಲಿ ಬಲೆ ಎಳೆಯುವವರು, ಗದ್ದೆಯಲ್ಲಿ ನೇಜಿ ನೆಡುವವರು, ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಒಂದೇ ಭಂಗಿಯಲ್ಲಿ ಕೂರುವ ಹೆಂಗಸರು, ರಾತ್ರಿಯಿಡೀ ರಂಗದ ಮೇಲೆ ಕುಣಿಯುವ ಯಕ್ಷಗಾನ ಕಲಾವಿದರು. ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ಹೊತ್ತುಗಟ್ಟಲೆ ನಿಂತು ಕೆಲಸ ಮಾಡಿ, ಹಬ್ಬಕ್ಕೋ ಹರಕೆಗೋ ಊರಿಗೆ ಬರುವವರೂ ಅಷ್ಟೇ ಮಂದಿ. 'ಸ್ವಂಟ ಹಿಡ್ದಿತ್' ಎಂಬ ಮಾತು ಕೇಳದ ಮನೆ ಈ ಕಡೆ ಇರಲಿಕ್ಕಿಲ್ಲ.

ಕೈರಂಪಣಿ ಬಲೆ ಎಳೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದಡದಲ್ಲಿ ಎರಡು ಸಾಲು ಜನ, ಬಲೆಯ ಎರಡು ಕೊನೆಯ ಹಗ್ಗ ಹಿಡಿದು ಹಿಂದಕ್ಕೆ ವಾಲುತ್ತಾರೆ. ಹಿಮ್ಮಡಿ ಮರಳಿನಲ್ಲಿ ಹೂತಿರುತ್ತದೆ, ಮಂಡಿ ಅರೆ ಮಡಿಚಿರುತ್ತದೆ, ತೋಳು ನೇರ ಚಾಚಿರುತ್ತದೆ. ಎಳೆತದ ಭಾರವೆಲ್ಲ ಬೀಳುವುದು ಸೊಂಟದ ಎರಡು ಬದಿಯ ಸ್ನಾಯುಗಳ ಮೇಲೆ, ಹೆಗಲಮೂಳೆಯ ಒಳಅಂಚಿನ ಮೇಲೆ, ಮುಂಗೈಯ ಮೇಲೆ. ಬಲೆ ದಡ ಸೇರುವವರೆಗೂ ಆ ಸ್ನಾಯುಗಳಿಗೆ ಬಿಡುವಿಲ್ಲ. ಹೀಗೆ ವರ್ಷಗಟ್ಟಲೆ ಬಿಗಿದೇ ಇರುವ ಸ್ನಾಯುವಿನಲ್ಲಿ ಬೆರಳಿಗೆ ಸಿಗುವ ಗಟ್ಟಿ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಅವನ್ನೇ ಜನ ಗಂಟು ಎನ್ನುವುದು. ಅದರ ಮೇಲೆ ಒತ್ತಿದರೆ ನೋವು ಅಲ್ಲೇ ನಿಲ್ಲದೆ ಬೇರೆಡೆಗೂ ಹರಿಯುತ್ತದೆ: ಹೆಗಲಿನ ಗಂಟು ಕುತ್ತಿಗೆಯ ಮೂಲಕ ತಲೆಗೆ, ಪೃಷ್ಠದ ಗಂಟು ತೊಡೆಯ ಹಿಂಭಾಗಕ್ಕೆ. ಈ ನೋವಿನ ದಾರಿಗಳನ್ನು ನಕ್ಷೆ ಬರೆದು ತೋರಿಸಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟವರೂ ಅವರೇ. ಡೇವಿಡ್ ಸೈಮನ್ಸ್ ಜತೆಗೂಡಿ ಅವರು ಬರೆದ ಗ್ರಂಥದ ಮೊದಲ ಸಂಪುಟ 1983ರಲ್ಲಿ ಹೊರಬಂತು. ಗಂಟು ಎಂದರೆ ನಿಜಕ್ಕೂ ಏನು ಎಂಬ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಅದು ಕೊಡುವ ನೋವಿನ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಹಿನ್ನೆಲೆ

ಮೈ ತಿಕ್ಕಿ ನೋವು ಕಳೆಯುವುದು ನಮ್ಮಲ್ಲಿ ಹೊಸತಲ್ಲ. ಅಭ್ಯಂಗವನ್ನು ದಿನನಿತ್ಯ ಮಾಡಬೇಕು, ಅದರಿಂದ ಮುಪ್ಪು, ಆಯಾಸ, ವಾತ ದೂರವಾಗುತ್ತವೆ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಎಂದು ವಾಗ್ಭಟನ ಅಷ್ಟಾಂಗಹೃದಯ ದಿನಚರ್ಯೆಯ ಅಧ್ಯಾಯದಲ್ಲಿ ವಿಧಿಸುತ್ತದೆ. ಕಫ ಹೆಚ್ಚಿದವರು, ಅಜೀರ್ಣವಾದವರು, ಶೋಧನ ಚಿಕಿತ್ಸೆ ಮುಗಿಸಿದವರು ಮಾಡಿಸಿಕೊಳ್ಳಬಾರದು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಸುಶ್ರುತಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣ ಇನ್ನೂ ಸ್ವಾರಸ್ಯದ ಲೆಕ್ಕವೊಂದನ್ನು ಕೊಡುತ್ತಾನೆ: ಎಣ್ಣೆ 300 ಮಾತ್ರಾಕಾಲದಲ್ಲಿ (ಒಂದು ಮಾತ್ರೆ ಎಂದರೆ ಹ್ರಸ್ವಸ್ವರ ಉಚ್ಚರಿಸುವಷ್ಟು ಹೊತ್ತು) ರೋಮದ ಬುಡಕ್ಕೆ, 400ರಲ್ಲಿ ಚರ್ಮಕ್ಕೆ, 500ರಲ್ಲಿ ರಕ್ತಕ್ಕೆ, 600ರಲ್ಲಿ ಮಾಂಸಕ್ಕೆ, ಹೀಗೇ ಮುಂದುವರಿದು 900ರಲ್ಲಿ ಮಜ್ಜೆಗೆ ಮುಟ್ಟುತ್ತದೆಯಂತೆ. ಇಂದಿನ ಶರೀರಶಾಸ್ತ್ರ ಇದನ್ನು ಅಕ್ಷರಶಃ ಒಪ್ಪುವುದಿಲ್ಲ. ಆದರೆ ಆಳವನ್ನು ಬಲದಿಂದ ಅಳೆಯದೆ ಕಾಲದಿಂದ ಅಳೆದ ಆ ದೃಷ್ಟಿ ಬಹಳ ದೊಡ್ಡದು. ಇಂದಿನ ಒಳ್ಳೆಯ ಚಿಕಿತ್ಸಕರು ಕೈಯಲ್ಲಿ ಪಾಲಿಸುವುದು ಅದನ್ನೇ.

ಕನ್ನಡನಾಡಿನ ಅರಮನೆಗಳೂ ಈ ವಿದ್ಯೆಯನ್ನು ಬಲ್ಲವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಕೃತಿ ಮಾನಸೋಲ್ಲಾಸದಲ್ಲಿ ರಾಜನ ಸ್ನಾನಭೋಗಕ್ಕೂ ಮಲ್ಲರ ವಿನೋದಕ್ಕೂ ಪ್ರತ್ಯೇಕ ಪ್ರಕರಣಗಳಿವೆ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಮಾಲೀಸು ಮಾಡುವ ರೂಢಿ ಹಿಂದಿನಿಂದ ಬಂದದ್ದು. ಕರಾವಳಿಯಲ್ಲಿ ಮನುಷ್ಯರಿಗಿಂತ ಹೆಚ್ಚು ಶ್ರದ್ಧೆಯಿಂದ ಎಣ್ಣೆ ತಿಕ್ಕಿಸಿಕೊಳ್ಳುವುದು ಕಂಬಳದ ಕೋಣಗಳು ಎಂದರೆ ತಪ್ಪಾಗದು. ವಂಡಾರು, ತಗ್ಗರ್ಸೆಗಳಂಥ ಕಂಬಳಗಳಿಗೆ ಕೋಣ ಇಳಿಸುವ ಮನೆಯವರು ಅವುಗಳ ಹೆಗಲು, ತೊಡೆಗಳನ್ನು ಎಣ್ಣೆ ಹಾಕಿ ಉಜ್ಜುವ ಪರಿ ನೋಡಿದವರಿಗೆ ಸ್ನಾಯುವಿನ ಆರೈಕೆ ಎಂದರೇನೆಂದು ಬೇರೆ ಹೇಳಬೇಕಿಲ್ಲ.

ಪಶ್ಚಿಮದ ಧಾರೆ ಬೇರೆ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಕೇಂದ್ರ ತೆರೆದು ವ್ಯಾಯಾಮಕ್ಕೆ ಚಿಕಿತ್ಸೆಯ ರೂಪ ಕೊಟ್ಟ. ಇಂದು ಸ್ವೀಡಿಷ್ ಮಸಾಜ್ ಎನ್ನುವ ನೀವು, ಹಿಸುಕು, ತಟ್ಟುಗಳನ್ನು ವರ್ಗೀಕರಿಸಿದ ಹಿರಿಮೆ ಹೆಚ್ಚಾಗಿ ಸಲ್ಲಬೇಕಾದ್ದು ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರನಿಗೆ. ಇವುಗಳಿಂದ ಮುಂದೆ ಹೋಗಿ ಒಳಪದರವನ್ನೇ ಗುರಿಯಾಗಿಸಿದವರು 20ನೆಯ ಶತಮಾನದವರು. ಕೆನಡಾದ ಥೆರೀಸ್ ಫ್ರಿಮರ್ ಸ್ನಾಯುವಿನ ಎಳೆಗೆ ಅಡ್ಡವಾಗಿ ಕೆಲಸ ಮಾಡುವ ಪದ್ಧತಿಯನ್ನು ರೂಪಿಸಿದರು. ಅಮೆರಿಕದ ಐಡಾ ರಾಲ್ಫ್ ತಂತುಪೊರೆಯನ್ನು ಸಡಿಲಿಸಿ ಮೈಯ ನಿಲುವನ್ನೇ ತಿದ್ದಲು ಹೊರಟರು. ಬ್ರಿಟನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ಸ್ನಾಯುರಜ್ಜುವಿನ ಮೇಲೆ ಬೆರಳತುದಿಯಿಂದ ಅಡ್ಡಕ್ಕೆ ಉಜ್ಜುವ ಕ್ರಮವನ್ನು ಫಿಸಿಯೋಥೆರಪಿಗೆ ತಂದರು. ಇಂದು ಡೀಪ್ ಟಿಶ್ಯೂ ಎನ್ನುವುದು ಇವೆಲ್ಲ ಬೆರೆತ ಹದ. ಅದಕ್ಕೆ ಒಂದೇ ಗ್ರಂಥ, ಒಂದೇ ಗುರುಪರಂಪರೆ ಇಲ್ಲ. ಹಾಗಾಗಿಯೇ ಆ ಫಲಕ ಹಾಕಿಕೊಂಡವರ ಕಲಿಕೆಯ ಮಟ್ಟ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ.

ಹೋದಾಗ ಏನಾಗುತ್ತದೆ

ಒಳ್ಳೆಯ ಚಿಕಿತ್ಸಕರು ಕೈ ಹಚ್ಚುವ ಮೊದಲು ಮಾತಾಡಿಸುತ್ತಾರೆ. ನೋವು ಎಲ್ಲಿ, ಯಾವಾಗಿನಿಂದ, ಕೆಲಸ ಏನು, ರಕ್ತದೊತ್ತಡ, ಸಕ್ಕರೆಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಆಪರೇಷನ್ ಆಗಿದೆಯೇ ಎಂದು ಕೇಳುತ್ತಾರೆ. ಈ ಪ್ರಶ್ನೆಗಳನ್ನೇ ಕೇಳದೆ ಮಂಚ ತೋರಿಸಿ ಮಲಗಿ ಎನ್ನುವಲ್ಲಿಂದ ಎದ್ದು ಬರುವುದು ಲೇಸು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಬೇಕು. ಬಟ್ಟೆಯ ವಿಷಯದಲ್ಲಿ ಹಳ್ಳಿಯಿಂದ ಹೋದವರಿಗೆ, ಅದರಲ್ಲೂ ಹೆಂಗಸರಿಗೆ, ಸಂಕೋಚ ಸಹಜ. ನಿಮಗೆ ಮುಜುಗರವಾಗದಷ್ಟು ಮಾತ್ರ ತೆಗೆದರೆ ಸಾಕು. ಕೆಲಸ ಮಾಡುತ್ತಿರುವ ಭಾಗವನ್ನು ಬಿಟ್ಟು ಉಳಿದ ಮೈಯನ್ನು ಬಟ್ಟೆಯಿಂದ ಮುಚ್ಚಿರಬೇಕು. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬ ಕ್ರಮ ಆಯುರ್ವೇದ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಬೇರೆಡೆ ಅದನ್ನು ಕೇಳಿ ಪಡೆಯಬಹುದು.

ಮೊದಲ ಕೆಲವು ನಿಮಿಷ ಅಂಗೈಯಿಂದ ಹಗುರಾಗಿ ನೀವಿ ಮೈ ಬಿಸಿ ಮಾಡುತ್ತಾರೆ. ಎಣ್ಣೆ ಸ್ವಲ್ಪವೇ ಬಳಸುತ್ತಾರೆ. ಹೆಚ್ಚಾದರೆ ಕೈ ಜಾರಿ ಒಳಗಿನ ಪದರ ಹಿಡಿತಕ್ಕೆ ಸಿಗುವುದಿಲ್ಲ. ಆಯುರ್ವೇದದ ಅಭ್ಯಂಗ ಇಲ್ಲಿಯೇ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಮರದ ದ್ರೋಣಿಯ ಮೇಲೆ ಮಲಗಿಸಿ, ಎರಡು ಬದಿಯಲ್ಲಿ ಇಬ್ಬರು ನಿಂತು, ಧಾನ್ವಂತರವೋ ಮಹಾನಾರಾಯಣವೋ ವೈದ್ಯರು ಹೇಳಿದ ತೈಲವನ್ನು ಬೆಚ್ಚಗೆ ಮಾಡಿ ಧಾರಾಳವಾಗಿ ಸುರಿದು, ಕೂತ, ಮಲಗಿದ, ಮಗ್ಗುಲಾದ ಭಂಗಿಗಳಲ್ಲಿ ಸರಿಸಮವಾಗಿ ಉಜ್ಜುತ್ತಾರೆ.

ಬಿಸಿಯಾದ ಮೇಲೆ ಆಳದ ಕೆಲಸ ಆರಂಭ. ಬೆನ್ನನ್ನೇ ತೆಗೆದುಕೊಳ್ಳಿ. ಚಿಕಿತ್ಸಕರು ತಲೆಯ ಕಡೆ ನಿಂತು, ಮುಂಗೈಯ ಚಪ್ಪಟೆ ಭಾಗವನ್ನು ಬೆನ್ನುಮೂಳೆಯ ಪಕ್ಕದ ಸ್ನಾಯುವಿನ ಮೇಲಿಟ್ಟು, ತಮ್ಮ ಮೈಭಾರವನ್ನು ಮೆಲ್ಲಗೆ ಅದರ ಮೇಲೆ ಬಿಡುತ್ತಾರೆ. ತೋಳಿನ ಬಲವನ್ನು ಬಳಸುವುದಿಲ್ಲ. ಸ್ನಾಯು ಮೊದಲು ತಡೆಯುತ್ತದೆ. ಅವರು ಅಲ್ಲೇ ನಿಲ್ಲುತ್ತಾರೆ. ನೀವು ಒಂದೆರಡು ಉಸಿರು ಬಿಟ್ಟ ಮೇಲೆ ಅದು ಸ್ವಲ್ಪ ಸಡಿಲವಾಗುತ್ತದೆ. ಆಗ ಮುಂಗೈ ಒಂದಿಷ್ಟು ಕೆಳಗಿಳಿದು ಸೊಂಟದತ್ತ ಸರಿಯುತ್ತದೆ. ಬೆನ್ನಿನ ಒಂದು ಬದಿ ಮುಗಿಸಲು ಹಲವು ನಿಮಿಷ ಹಿಡಿಯಬಹುದು. ಮೂಳೆಯ ಮೇಲೆ ನೇರ ಒತ್ತುವುದಿಲ್ಲ. ಮೂತ್ರಪಿಂಡಗಳಿರುವ ಪಕ್ಕೆಯ ಕೆಳಭಾಗ, ಮಂಡಿಯ ಹಿಂಬದಿ, ಕಂಕುಳು, ಕುತ್ತಿಗೆಯ ಮುಂಬದಿ, ತೊಡೆಸಂದು, ಇಲ್ಲೆಲ್ಲ ರಕ್ತನಾಳ, ನರ ಇಲ್ಲವೇ ಮೃದು ಅಂಗಗಳು ಒತ್ತಿಗೆ ಸುಲಭವಾಗಿ ಸಿಗುವುದರಿಂದ ಮೊಣಕೈ ಅಲ್ಲಿಗೆ ಹೋಗಲೇಕೂಡದು. ಗಂಟು ಸಿಕ್ಕ ಕಡೆ ಹೆಬ್ಬೆರಳನ್ನೋ ಬೆರಳ ಗಂಟನ್ನೋ ಒತ್ತಿ ಹಿಡಿದು ನೋವು ಇಳಿಯುವವರೆಗೆ ಕಾಯುತ್ತಾರೆ, ಇಲ್ಲವೇ ಎಳೆಗೆ ಅಡ್ಡವಾಗಿ ಸಣ್ಣಗೆ ಉಜ್ಜುತ್ತಾರೆ.

ನೋವಾಗುತ್ತದೆಯೇ? ಆಗುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಹತ್ತರಲ್ಲಿ ಐದಾರರಷ್ಟು, ಹಿತವೂ ಬೆರೆತ ನೋವು ಸರಿ. ಉಸಿರು ಕಟ್ಟುವಂತಾದರೆ, ಹಲ್ಲು ಕಚ್ಚುವಂತಾದರೆ, ಮೈ ಸೆಟೆದರೆ ಒತ್ತಡ ಮಿತಿ ಮೀರಿದೆ ಎಂದರ್ಥ. ಸೆಟೆದ ಸ್ನಾಯು ಕೈಯನ್ನು ಒಳಬಿಡುವುದಿಲ್ಲವಾದ್ದರಿಂದ ಅಲ್ಲಿಂದ ಮುಂದೆ ಒತ್ತುವುದು ವ್ಯರ್ಥ. ಚುಚ್ಚುವ, ಉರಿಯುವ, ಜುಮುಗುಟ್ಟುತ್ತ ಕಾಲಿಗೋ ಕೈಗೋ ಇಳಿಯುವ ನೋವು ನರದ್ದು, ಕೂಡಲೇ ಹೇಳಬೇಕು. ಕಡಲಿಗೆ ಹೋಗುವ ಗಂಡಸರು ಇದನ್ನು ಹೇಳುವುದಿಲ್ಲ, ಸಹಿಸುವುದೇ ಗಂಡಸುತನ ಎಂದುಕೊಳ್ಳುತ್ತಾರೆ. ಆ ಮೌನದಿಂದ ಅವರಿಗೇ ನಷ್ಟ.

ಒಟ್ಟು ಅವಧಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಮುಗಿದ ಮೇಲೆ ತಟ್ಟನೆ ಎದ್ದರೆ ತಲೆ ತಿರುಗಬಹುದು. ಮಗ್ಗುಲಾಗಿ, ಕೂತು, ಆಮೇಲೆ ಏಳಬೇಕು. ಒಂದೆರಡು ದಿನ ಮೈಕೈ ಹಿಡಿದಂತಿರುವುದು ಸಹಜ, ಬಿಸಿನೀರಿನ ಸ್ನಾನ ಹಿತವೆನಿಸುತ್ತದೆ. ಚರ್ಮ ನೀಲಿಗಟ್ಟುವುದು ಸಹಜವಲ್ಲ. ಮರುದಿನವೇ ಬಲೆ ಎಳೆಯುವ, ಮೂಟೆ ಹೊರುವ ಕೆಲಸ ಇದ್ದರೆ ಚಿಕಿತ್ಸೆಯನ್ನು ಬಿಡುವಿನ ದಿನಕ್ಕೆ ಮುಂದೂಡುವುದೇ ಜಾಣತನ. ಈ ಸೀಮೆಯಲ್ಲಿ ಬಿಡುವು ಎಲ್ಲರಿಗೂ ಒಂದೇ ಕಾಲಕ್ಕೆ ಬರುವುದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವಾಗ ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಯಕ್ಷಗಾನ ಮೇಳಗಳವರಿಗೆ ಮಳೆಗಾಲ ತಿರುಗಾಟವಿಲ್ಲದ ಕಾಲ.

ಯಕ್ಷಗಾನದವರ ಮೈ

ಮಾರಣಕಟ್ಟೆ, ಮಂದಾರ್ತಿ, ಕಮಲಶಿಲೆ ಮೇಳಗಳ ಈ ನಾಡಿನಲ್ಲಿ ಕಲಾವಿದರ ಮೈಗೆ ಪ್ರತ್ಯೇಕ ಮಾತು ಬೇಕು. ನವೆಂಬರಿನಿಂದ ಮೇವರೆಗೆ ರಾತ್ರಿ ಕುಣಿದು ಹಗಲು ಮಲಗುವ ಬದುಕು. ಬಡಗುತಿಟ್ಟಿನಲ್ಲಿ ಮಂಡಿ ಹಾಕುವುದು, ಅಂದರೆ ಮೊಣಕಾಲೂರಿ ತಿರುಗುವುದು, ಪ್ರೇಕ್ಷಕರಿಗೆ ರೋಮಾಂಚನ, ಕಲಾವಿದನ ಮೊಣಕಾಲಿಗೆ ಪೆಟ್ಟು. ಮುಂಡಾಸು, ಭುಜಕೀರ್ತಿ, ಎದೆಕಟ್ಟುಗಳ ಭಾರವನ್ನು ಕುತ್ತಿಗೆ ಮತ್ತು ಹೆಗಲು ಗಂಟೆಗಟ್ಟಲೆ ಹೊರುತ್ತವೆ. ಕೇರಳದಲ್ಲಿ 1930ರಲ್ಲಿ ಆರಂಭವಾದ ಕಲಾಮಂಡಲದಲ್ಲಿ ಕಥಕಳಿ ಕಲಿಯುವ ಹುಡುಗರಿಗೆ ಮಳೆಗಾಲದ ನಸುಕಿನಲ್ಲಿ ಎಣ್ಣೆ ಹಚ್ಚಿ ಗುರುಗಳು ಕಾಲಿನಿಂದ ಮೈ ತುಳಿದು ಉಜ್ಜುವ ಉಳಿಚ್ಚಿಲ್ ಕಲಿಕೆಯದೇ ಭಾಗ. ಕಳರಿ ಸಮರಕಲೆಯಿಂದ ಬಂದ ಆ ಪದ್ಧತಿಯಂಥದು ಯಕ್ಷಗಾನದ ಶಿಕ್ಷಣದಲ್ಲಿ ಹಾಗೆ ಬೇರೂರಿಲ್ಲ. ಅದನ್ನು ಹಾಗೆಯೇ ಎತ್ತಿ ತರಬೇಕೆಂದಲ್ಲ. ಆದರೆ ತಿರುಗಾಟದ ನಡುವೆ ಮತ್ತು ಮಳೆಗಾಲದಲ್ಲಿ ತಜ್ಞರ ಕೈಯಿಂದ ತೊಡೆ, ಮೀನಖಂಡ, ಹೆಗಲಿನ ಆರೈಕೆಗೆ ಮೇಳಗಳೇ ಏರ್ಪಾಡು ಮಾಡಿದರೆ ಎಷ್ಟೋ ಒಳ್ಳೆಯ ವೇಷಗಳು ಇನ್ನಷ್ಟು ವರ್ಷ ರಂಗದ ಮೇಲಿರುತ್ತವೆ. ಮಂಡಿಯ ಕೀಲನ್ನೇ ಒತ್ತಿ ಪ್ರಯೋಜನವಿಲ್ಲ. ಅದನ್ನು ಹಿಡಿದೆಳೆಯುವ ತೊಡೆಯ ಸ್ನಾಯುಗಳನ್ನು ಸಡಿಲಿಸಿ, ಬಲಪಡಿಸಬೇಕು.

ಫಲ ಎಷ್ಟು

ಸೊಂಟನೋವಿಗೆ ಅಂಗಮರ್ದನದ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅಲ್ಪಕಾಲದ ಉಪಶಮನ ಸಿಗಬಹುದು, ಆದರೆ ಆಧಾರಗಳ ಗುಣಮಟ್ಟ ಕಡಿಮೆ, ದೀರ್ಘಕಾಲದ ಲಾಭ ಖಚಿತವಿಲ್ಲ ಎಂಬುದು ಅದರ ಸಾರ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಯುವಕರನ್ನು ಕಠಿಣ ವ್ಯಾಯಾಮದಲ್ಲಿ ದಣಿಸಿ, ಒಂದು ತೊಡೆಗೆ ಮಾತ್ರ 10 ನಿಮಿಷ ಮರ್ದನ ಮಾಡಿ, ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಮರ್ದನ ಪಡೆದ ಕಡೆ ಉರಿಯೂತದ ಸೂಚನೆಗಳು ಕಡಿಮೆಯಿದ್ದವು. ಆದರೆ ದಣಿದ ಸ್ನಾಯುವಿನ ವಿಷವೆಂದು ಜನ ಹೇಳುವ ಲ್ಯಾಕ್ಟಿಕ್ ಆಮ್ಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮಸಾಜು ಮೈಯೊಳಗಿನ ವಿಷವನ್ನು ಹೊರಹಾಕುತ್ತದೆ ಎಂಬ ಪ್ರಚಾರವನ್ನು ನಂಬಬೇಕಿಲ್ಲ. ಆ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ದಿನವೂ ಮಾಡುತ್ತಿವೆ. ಬೊಜ್ಜು ಕರಗಿಸುತ್ತದೆ, ಜಾರಿದ ಡಿಸ್ಕನ್ನು ಒಳಸೇರಿಸುತ್ತದೆ ಎಂಬ ಮಾತುಗಳೂ ಅದೇ ಸಾಲಿನವು. ಬಿಗಿತ ಸಡಿಲಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುವುದು ಇದರ ನಿಜವಾದ ಉಪಕಾರ. ವ್ಯಾಯಾಮ ಮಾಡದೆ ತಿಂಗಳಿಗೊಮ್ಮೆ ಬೆನ್ನು ಒತ್ತಿಸಿಕೊಂಡರೆ ನೋವು ಮರಳಿ ಬರುತ್ತದೆ.

ಯಾರಿಗೆ ಕೂಡದು

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅಲ್ಲಿ ಯಾರೂ ಕೈಯಿಡಕೂಡದು. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹಿಸುಕಿದರೆ ಹೆಪ್ಪು ಕಿತ್ತು ಶ್ವಾಸಕೋಶ ಸೇರಿ ಪ್ರಾಣಕ್ಕೇ ಕುತ್ತು. ಹೆರಿಗೆಯ ನಂತರದ ವಾರಗಳಲ್ಲಿ ಈ ಅಪಾಯ ಹೆಚ್ಚು. ನಮ್ಮ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯುವ ಪದ್ಧತಿ ಇನ್ನೂ ಇದೆ, ಅದು ತಾಯಿಗೆ ವಿಶ್ರಾಂತಿ ಕೊಡುವ ಒಳ್ಳೆಯ ಪದ್ಧತಿ. ಆದರೆ ಎಣ್ಣೆ ಹಚ್ಚುವ ಹಿರಿಯ ಹೆಂಗಸಿಗೆ ಮನೆಯವರು ಈ ಮಾತು ತಿಳಿಸಿರಬೇಕು: ಊದಿದ ಕಾಲನ್ನು ಒತ್ತಬಾರದು, ಸಿಸೇರಿಯನ್ ಆದವರ ಹೊಟ್ಟೆಯನ್ನು ಮುಟ್ಟಬಾರದು. ಶಿಶುವಿಗೆ ಹಗುರ ಸವರುವಿಕೆ ಸಾಕು, ಆಳದ ಒತ್ತು ಬೇಡವೇ ಬೇಡ.

ಬಿದ್ದು ಪೆಟ್ಟಾದಾಗ ತಕ್ಷಣ ತಿಕ್ಕಿ ಉಳುಕು ತೆಗೆಸುವ ಅವಸರವೂ ಕೆಟ್ಟದ್ದು. ಮೂಳೆ ಮುರಿದಿಲ್ಲವೆಂದು ಎಕ್ಸ್‌ರೇ ಹೇಳುವವರೆಗೆ ಮತ್ತು ಮೊದಲ ಎರಡು ಮೂರು ದಿನ ತಿಕ್ಕುವ ಮಾತೇ ಬೇಡ. ಅದರಲ್ಲೂ ಮಕ್ಕಳ ಮೊಣಕೈಗೆ ಪೆಟ್ಟಾದಾಗ ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಮಡಿಚದಂತಾಗುವ ತೊಂದರೆಯನ್ನು ನಮ್ಮ ಮೂಳೆತಜ್ಞರು ಪದೇಪದೇ ಕಾಣುತ್ತಾರೆ. ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರು, ಮೂಳೆಸವೆತದ ಹಿರಿಯರು, ಜ್ವರ ಇರುವವರು, ಚರ್ಮದಲ್ಲಿ ಹುಣ್ಣು, ಸೋಂಕು ಇರುವವರು, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಹೋಗಬಾರದು. ಸಕ್ಕರೆಕಾಯಿಲೆಯಿಂದ ಕಾಲಿನ ಸ್ಪರ್ಶ ಕುಂದಿದವರಿಗೆ ಒತ್ತು ಮಿತಿ ಮೀರಿದ್ದೇ ತಿಳಿಯುವುದಿಲ್ಲ. ಉಬ್ಬಿದ ರಕ್ತನಾಳಗಳ ಮೇಲೆ, ಗರ್ಭಿಣಿಯರ ಹೊಟ್ಟೆ, ಕಾಲುಗಳ ಮೇಲೆ ಆಳದ ಒತ್ತು ಕೂಡದು. ಸೊಂಟನೋವಿನ ಜತೆ ಕಾಲಿನ ಬಲ ಕುಂದಿದರೆ, ಮೂತ್ರ, ಮಲದ ಹಿಡಿತ ತಪ್ಪಿದರೆ ಅದು ತುರ್ತು ಶಸ್ತ್ರಚಿಕಿತ್ಸೆಯ ಲಕ್ಷಣ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಎಲ್ಲಿ

ಜಿಲ್ಲೆಯೊಳಗೇ ಕಲಿತ ಕೈಗಳಿವೆ. ಉಡುಪಿ ಬಳಿಯ ಕುತ್ಪಾಡಿಯಲ್ಲಿ 1958ರಲ್ಲಿ ಆರಂಭವಾದ, ಈಗ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ಆಡಳಿತದಲ್ಲಿರುವ ಆಯುರ್ವೇದ ಕಾಲೇಜಿನ ಆಸ್ಪತ್ರೆಯಲ್ಲಿ ಪಂಚಕರ್ಮ ವಿಭಾಗವಿದೆ. ವೈದ್ಯರು ನೋಡಿದ ಮೇಲೆ ಅಭ್ಯಂಗ, ಸ್ವೇದನ ನಿರ್ಧಾರವಾಗುತ್ತದೆ. ಪರೀಕದ ಸೌಖ್ಯವನ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆ, ಅಂಗಮರ್ದನ ಆ ಪದ್ಧತಿಯ ಮುಖ್ಯ ಅಂಗ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ನೋವಿನ ಮೂಲ ಹುಡುಕಿ ವ್ಯಾಯಾಮ ಕಲಿಸುತ್ತಾರೆ. ಫಿಸಿಯೋಥೆರಪಿಸ್ಟರ ಶಿಕ್ಷಣ, ನೋಂದಣಿ 2021ರ ರಾಷ್ಟ್ರೀಯ ಕಾಯಿದೆಯ ವ್ಯಾಪ್ತಿಯಲ್ಲಿವೆ. ಸ್ಪಾಗಳಲ್ಲಿ ಕೆಲಸ ಮಾಡುವವರಿಗೆ ಅಂಥ ಏಕರೂಪದ ಅಳತೆಗೋಲು ಇಲ್ಲ, ಹಾಗಾಗಿ ಎಲ್ಲಿ, ಎಷ್ಟು ಕಾಲ ಕಲಿತಿದ್ದೀರಿ ಎಂದು ಕೇಳುವ ಹಕ್ಕು ನಿಮ್ಮದು.

ಕಿರಿಮಂಜೇಶ್ವರದಿಂದ ಮಣಿಪಾಲಕ್ಕೋ ಕುತ್ಪಾಡಿಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಬಲೆ ಎಳೆಯುವವರು, ಕುಣಿಯುವವರು, ಕಾರ್ಖಾನೆಯ ಹೆಂಗಸರು ಇಷ್ಟೊಂದು ಮಂದಿ ಇರುವ ಈ ಭಾಗಕ್ಕೆ ಆಯುರ್ವೇದ ಮತ್ತು ಫಿಸಿಯೋಥೆರಪಿ ಕಾಲೇಜುಗಳು, ಮೀನುಗಾರರ ಸಂಘಗಳು, ಮೇಳಗಳ ಆಡಳಿತದವರು ಸೇರಿ ತಿಂಗಳಿಗೊಂದು ಶಿಬಿರ ನಡೆಸಬೇಕು. ಅದಾಗುವವರೆಗೆ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೇ: ಮೊದಲು ವೈದ್ಯರಿಗೆ ತೋರಿಸಿ, ಮಂಚದ ಮೇಲೆ ನೋವು ಮಿತಿ ಮೀರಿದರೆ ಸಾಕು ಎಂದು ಬಾಯಿಬಿಟ್ಟು ಹೇಳಿ, ಹೇಳಿದ ಮೇಲೂ ಕೈ ನಿಲ್ಲಿಸದವರ ಬಳಿಗೆ ಎರಡನೆಯ ಸಲ ಹೋಗಬೇಡಿ.